ಚನ್ನಪಟ್ಟಣದ ಗಂಡು ಚಿಟ್ಟೆ

ರಾಮನಗರ ಇನ್ನೂ ಕ್ಲೋಸ್‌ಪೇಟೆ, ಕನಕಪುರ ಇನ್ನೂ ಕಾನಕಾನಹಳ್ಳಿ ಎನಿಸಿಕೊಂಡಿದ್ದ ಕಾಲವದು. ಸಿಂಹಾಸನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನಗಿರಿಯಲ್ಲಿ ವಿಶ್ವೇಶ್ವರಯ್ಯನವರು. ಟಿಪ್ಪು ಸುಲ್ತಾನನು ಬೇರೂರಿಸಿದ ರೇಷ್ಮೆ ಕಸುಬು ಹುಳುವಿಗೆ ತಗಲುವ ಗಂಟುರೋಗದ ಹೊಡೆತಕ್ಕೆ ಸಿಕ್ಕಿ ಸೊರಗಿತ್ತು. ಅದನ್ನು ಎತ್ತಿ ನಿಲ್ಲಿಸಲೆಂದು ಇಟಲಿಯ ವಾಷಿಂಗ್ಟನ್ ಮಾರಿಯನ್ನು ಕರೆಸಿ, 1914ರ ಸುಮಾರಿಗೆ ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಕ್ಷೇತ್ರವನ್ನು ತೆರೆದರು. ಮುಂದೆ ರೇಷ್ಮೆ ಇಲಾಖೆಯ ಹೊಣೆ ಹೊತ್ತ ನವರತ್ನ ರಾಮರಾಯರು ಜಪಾನಿನ ಯೊನೆಮುರಾ ಅವರೊಡನೆ 1925ರಲ್ಲಿ ರೇಷ್ಮೆ ಕೃಷಿಯ ಕೈಪಿಡಿಯೊಂದನ್ನು ಬರೆದರು. ಕನ್ನಡಿಗರು ರಾಯರನ್ನು ‘ಕೆಲವು ನೆನಪುಗಳು’ ಗ್ರಂಥದಿಂದ ಬಲ್ಲರು. ಈ ಕೈಪಿಡಿಗೂ ಅಷ್ಟೇ ಗೌರವ ಸಲ್ಲಬೇಕೆಂಬುದು ನನ್ನ ಎಣಿಕೆ.

ಮಾಗಡಿ, ಕುಣಿಗಲ್ ಸೀಮೆಯ ರೈತರು ಮೈಸೂರು ತಳಿಯನ್ನು ಬೆರಕೆಯಾಗದಂತೆ ಕಾಪಾಡಿ ಬಿತ್ತನೆ ಗೂಡು ಬೆಳೆದರು. ಆ ತಳಿಯ ಹೆಣ್ಣಿಗೆ ಹೊರನಾಡಿನ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ) ಗಂಡನ್ನು ಕೂಡಿಸಿದರೆ ಮಿಶ್ರತಳಿ. ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಬೆಳಗಿನ ಜಾವ ಚಿಟ್ಟೆಗಳು ಗೂಡಿನ ತುದಿ ತೋಯಿಸಿಕೊಂಡು ಹೊರಬರುತ್ತಿದ್ದವು. ದಪ್ಪ ಹೊಟ್ಟೆಯ ಹೆಣ್ಣು ಕೂತಲ್ಲೇ ಕೂತಿದ್ದರೆ ಗಂಡು ರೆಕ್ಕೆ ಪಟಪಟಿಸುತ್ತ ಅದನ್ನು ಸುತ್ತುತ್ತಿತ್ತು. ಮೂರ್ನಾಲ್ಕು ಗಂಟೆ ಜೋಡಿಯಾಗಲು ಬಿಟ್ಟು, ಕೈಯಿಂದ ಮೆಲ್ಲಗೆ ಬಿಡಿಸಿ, ಹೆಣ್ಣನ್ನು ಹಾಳೆಯ ಮೇಲೆ ಮೊಟ್ಟೆಗೆ ಕೂರಿಸುವರು. ಗಂಡನ್ನು ತಂಪಿನಲ್ಲಿಟ್ಟು ಇನ್ನೊಂದು ಜೋಡಿಗೆ ಬಳಸುವರು. ಮೊಟ್ಟೆಯಿಟ್ಟ ತಾಯಿಯನ್ನು ಅರೆದು, ಪಾಶ್ಚರ್ ಕಲಿಸಿದಂತೆ, ಸೂಕ್ಷ್ಮದರ್ಶಕದಡಿ ಗಂಟುರೋಗ ಹುಡುಕುವರು.

ತಂದೆಗೆ ಅಂಥ ಪರೀಕ್ಷೆ ಇರಲಿಲ್ಲ. ಬಿಸಿಲಿನ ಬೇಗೆಗೆ ದ್ವಿತಳಿ ಗಂಡು ಬಂಜೆಯಾಗುವುದುಂಟು. ಆಗ ಮೊಟ್ಟೆ ನೀಲಿಗಟ್ಟದೆ ಒಣಗಿ ಕುಗ್ಗುತ್ತದೆ. ಚಾಕಿಗೆ, ಎಂದರೆ ಎಳೆಹುಳು ಸಾಕಣೆಗೆ, ಸೊಪ್ಪು ಹೊಂದಿಸಿಟ್ಟ ರೈತನ ಆ ಬೆಳೆ ಅಲ್ಲಿಗೇ ಹೋಯಿತು.

ಗಂಡು ಬಂಜೆಯಾಗುವ ಬಗೆ ತಿಳಿಯಲು ಅದರ ವೀರ್ಯಾಣುವನ್ನೇ ನೋಡಬೇಕು. ರೇಷ್ಮೆಹುಳುವಿನಲ್ಲಿ ವೀರ್ಯಾಣು ಮೂಡುವ ಬಗೆಯನ್ನು ಜಪಾನಿನ ತೊಯಾಮಾ ಕಮೆತಾರೊ 1894ರಲ್ಲೇ ಬರೆದಿದ್ದರು. 1906ರಲ್ಲಿ ಮೆಂಡೆಲನ ನಿಯಮ ಈ ಹುಳುವಿಗೂ ಅನ್ವಯಿಸುತ್ತದೆಂದು ತೋರಿಸಿಕೊಟ್ಟವರೂ ಅವರೇ. ಗಂಡು ಚಿಟ್ಟೆಯಲ್ಲಿ ಎರಡು ಬಗೆಯ ವೀರ್ಯಾಣುಗಳಿವೆ: ಒಂದರಲ್ಲಿ ಕೋಶಕೇಂದ್ರ ಉಂಟು, ಇನ್ನೊಂದರಲ್ಲಿ ಇಲ್ಲ. ಕೇಂದ್ರವಿಲ್ಲದ್ದು ಮೊಟ್ಟೆಗೆ ಜೀವ ಕೊಡಲಾರದು. ಆದರೂ ಅದು ಹುಟ್ಟದಂತೆ ಒಂದು ಜೀನನ್ನು ಕೆಡಿಸಿದರೆ ಗಂಡು ಬಂಜೆಯಾಗುತ್ತದೆ, ಏಕೆಂದರೆ ಅದರ ನೆರವಿಲ್ಲದೆ ಕೇಂದ್ರವುಳ್ಳದ್ದು ಹೆಣ್ಣಿನ ಒಡಲಲ್ಲಿ ಮುಂದೆ ಸಾಗದು. ಕೇಂದ್ರವುಳ್ಳದ್ದೇ ಕೆಟ್ಟರೂ ಗಂಡು ಬಂಜೆಯೇ.

ಪಿಎಂಎಫ್‌ಬಿಪಿ1 ಎಂಬ ಜೀನು ಇಲಿಯಲ್ಲೂ ಇದೆ, ಮನುಷ್ಯನಲ್ಲೂ ಇದೆ. ಅದು ಕೆಟ್ಟರೆ ವೀರ್ಯಾಣುವಿನ ತಲೆ ಬಾಲದಿಂದ ಕಳಚಿಹೋಗುತ್ತದೆಂದು 2018ರಲ್ಲಿ ತಿಳಿದುಬಂತು. ಬಳಿಕ ಅದನ್ನು ರೇಷ್ಮೆಹುಳುವಿನಲ್ಲಿ ಕೆಡಿಸಿ ನೋಡಿದರು. ಕೇಂದ್ರವುಳ್ಳ ವೀರ್ಯಾಣುಗಳ ಕಂತೆ ರೂಪಗೆಟ್ಟು ಗಂಡು ಬಂಜೆಯಾಯಿತು. ಹೆಣ್ಣಿನ ಫಲವಂತಿಕೆಗೆ ಮಾತ್ರ ಯಾವ ಊನವೂ ಬರಲಿಲ್ಲ.