ಕರಿ ಕೋಟಿನ ದಾರಿ

ದಾಸನಕೊಪ್ಪದಿಂದ ಶಿರಸಿ ಕೋರ್ಟಿಗೆ ದಿನಾ ಬಸ್ಸಿನಲ್ಲಿ ಓಡಾಡುವ ವಕೀಲ ನಾನು. ಬೆಳಿಗ್ಗೆ ಜಗಲಿಗೆ ಜನ ಬರೋದು ಮೂರೇ ಕಾರಣಕ್ಕೆ: ಪಾಲು, ಹದ್ದು, ಅತಿಕ್ರಮಣ. ಹೋದ ಬೇಸಿಗೆಯಲ್ಲಿ ಒಬ್ಬ ಹುಡುಗ ನಾಲ್ಕನೇ ಕಾರಣ ಹಿಡ್ಕೊಂಡು ಬಂದ. ಯಲ್ಲಾಪುರ ಕಡೆಯ ಸಿದ್ದಿಯವನು. ಅಪ್ಪ ನಮ್ಮೂರ ಹತ್ತಿರ ತೋಟದ ಕೆಲಸಕ್ಕಿದ್ದಾನೆ. ಕೈಯಲ್ಲಿ ಪಿಯುಸಿ ಅಂಕಪಟ್ಟಿ.

"ಸರ, ವಕೀಲಿ ಓದ್ಬೇಕು. ನಮ್ಮಂಥೋರಿಗೆ ಸೀಟು ಸಿಗ್ತದಾ?"

"ಸಿಗ್ತದೆ" ಅಂದುಬಿಟ್ಟೆ. ರಾತ್ರಿ ಮಲಗಿದ ಮೇಲೆ ಯೋಚನೆ ಬಂತು. ಈ ಒಂದು ಮಾತು ಹೇಳೋಕೆ ನಮ್ಮ ಜಿಲ್ಲೆಗೆ ಎಷ್ಟು ವರ್ಷ ಹಿಡೀತು?

1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಅಂದಿನಿಂದ ಕಾನೂನು ಓದಬೇಕೆಂದರೆ 1855ರಲ್ಲಿ ಶುರುವಾದ ಮುಂಬಯಿಯ ಕಾಲೇಜೇ ಗತಿ. 1924ರಲ್ಲಿ ಪುಣೆಯಲ್ಲಿ ಒಂದಾಯಿತು. ಬೆಳಗಾವಿಯಲ್ಲಿ ಲಖಮಗೌಡ ಕಾಲೇಜು ಬಂದದ್ದು 1939ರಲ್ಲಿ. ಅಷ್ಟು ದೂರ ಮಗನನ್ನಿಟ್ಟು ಓದಿಸುವ ತಾಕತ್ತು ತೋಟ, ಗದ್ದೆ ಇದ್ದವರದ್ದು. ಕಾಡಿಗೆ ಬೇಲಿ ಹಾಕಿದ ಅರಣ್ಯ ಕಾಯ್ದೆ ಮಾತ್ರ 1878ರಲ್ಲೇ ಬಂದಿತ್ತು. ಕಾಡಿನಲ್ಲಿ ಬದುಕುವವರ ಮೇಲೆ ಕಾಯ್ದೆ ಮೊದಲು ಬಂತು, ಅದನ್ನು ಓದುವ ದಾರಿ ಬಹಳ ಆಮೇಲೆ.

ಸಿದ್ದಿಗಳ ಕಥೆ ಇನ್ನೂ ಹಿಂದಿನದು. ಇವರ ಪೂರ್ವಜರು ಆಫ್ರಿಕಾದವರು. ಹೆಚ್ಚಿನವರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು, ಮೊಮ್ಮಕ್ಕಳು ಯಲ್ಲಾಪುರ, ಹಳಿಯಾಳ, ಮುಂಡಗೋಡಿನಲ್ಲಿ ನೆಲೆ ನಿಂತರು. ಕಂಪನಿ ಸರ್ಕಾರದ ಕೋರ್ಟುಗಳು 1843ರಿಂದ ಗುಲಾಮಗಿರಿಗೆ ಮಾನ್ಯತೆ ಕೊಡೋದು ನಿಲ್ಲಿಸಿದವು, ನಿಜ. ಆದರೆ ಮನುಷ್ಯನನ್ನು ಬಿಡಿಸೋದೇ ಬೇರೆ, ಅವನಿಗೆ ಕಾಲೂರೋಕೆ ಜಾಗ ಕೊಡೋದೇ ಬೇರೆ.

ಜಾಗ ಸಿಕ್ಕಿದ್ದು 2003ರಲ್ಲಿ, ಅದೂ ಕಾಗದದ ಮೇಲೆ. ಆ ವರ್ಷ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಗಮನಿಸಿ, ಉತ್ತರ ಕನ್ನಡದವರು ಮಾತ್ರ! ಹಳಿಯಾಳದ ಸಿದ್ದಿ ಪಟ್ಟಿಯೊಳಗೆ, ಗಡಿಯಾಚೆ ಕಲಘಟಗಿಯಲ್ಲಿರುವ ಅವನ ಬೀಗ ಹೊರಗೆ. ಸಂವಿಧಾನದ 342ನೇ ವಿಧಿಯ ಪ್ರಕಾರ ಈ ಪಟ್ಟಿ ತಿದ್ದೋದು ಸಂಸತ್ತಿನ ಕೆಲಸ. ಧಾರವಾಡ, ಬೆಳಗಾವಿ ಜಿಲ್ಲೆಯ ಸಿದ್ದಿಗಳು ಒಳಗೆ ಬರೋಕೆ 2020 ಬೇಕಾಯ್ತು. ಒಂದು ಜಿಲ್ಲೆಯ ಗೆರೆ ದಾಟೋಕೆ ಹದಿನೇಳು ವರ್ಷ. ಅದೇ 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಸಿದ್ದಿಗಳಲ್ಲಿ ಶಾಸನಸಭೆಯ ಮೆಟ್ಟಿಲು ಹತ್ತಿದವರಲ್ಲಿ ಅವರೇ ಮೊದಲಿಗರು.

ಮಾರನೇ ದಿನ ಹುಡುಗನಿಗೆ ಲೆಕ್ಕ ಹೇಳಿಕೊಟ್ಟೆ. ಪಿಯುಸಿ ಆದಮೇಲೆ ಐದು ವರ್ಷ, ಇಲ್ಲಾ ಡಿಗ್ರಿ ಆದಮೇಲೆ ಮೂರು ವರ್ಷ. ಸಾಮಾನ್ಯ ವರ್ಗದವರಿಗೆ ಶೇ. 45 ಅಂಕ ಬೇಕು, ಪರಿಶಿಷ್ಟ ಪಂಗಡಕ್ಕೆ ಶೇ. 40 ಸಾಕು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿಗೆ ಐದು ವರ್ಷದ ಕೋರ್ಸಿಗೆ ಸೇರಬೇಕೆಂದರೆ ಕ್ಲ್ಯಾಟ್ ಬರೀಬೇಕು, ಅದು ಪೂರ್ತಿ ಇಂಗ್ಲಿಷಿನಲ್ಲಿ. ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಗೆ ಕನ್ನಡದಲ್ಲೂ ಉತ್ತರ ಬರೀಬಹುದು, ಕಾಲೇಜು ಶಿರಸಿಯಲ್ಲೇ ಇದೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಹಾಸ್ಟೆಲ್ ಇವೆ. ಓದು ಮುಗಿದಮೇಲೆ ವಕೀಲರ ಪರಿಷತ್ತಿನಲ್ಲಿ ಹೆಸರು ಬರೆಸೋ ಶುಲ್ಕ ಕಾಯ್ದೆ ಪ್ರಕಾರ 125 ರೂಪಾಯಿ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ ಅಂತ ಸುಪ್ರೀಂ ಕೋರ್ಟು 2024ರ ಜುಲೈನಲ್ಲಿ ಹೇಳಿದೆ.

ಎಲ್ಲಾ ಕೇಳಿ ಹುಡುಗ ಚೀಲದಿಂದ ಮಡಿಸಿದ ಪತ್ರವೊಂದು ತೆಗೆದ. "ಅಪ್ಪನ ಅರಣ್ಯ ಹಕ್ಕಿನ ಅರ್ಜಿ ಸರ, ಆಗಲ್ಲ ಅಂದಿದಾರೆ."

"ನೀನೇ ಓದು."

ತಡವರಿಸುತ್ತಾ ಓದಿದ. ಎಪ್ಪತ್ತೈದು ವರ್ಷದ ವಾಸಕ್ಕೆ ದಾಖಲೆ ಇಲ್ಲ, ಆದ್ದರಿಂದ ತಿರಸ್ಕೃತ. ನಾನು 2006ರ ಅರಣ್ಯ ಹಕ್ಕು ಕಾಯ್ದೆಯ ಪುಸ್ತಕ ಅವನ ಮುಂದಿಟ್ಟೆ. ಎಪ್ಪತ್ತೈದು ವರ್ಷದ ಮಾತು ಪಂಗಡದವರಲ್ಲದ ಇತರ ಅರಣ್ಯವಾಸಿಗಳಿಗೆ. ನಮ್ಮೂರ ಎಷ್ಟೋ ಜನ ಒದ್ದಾಡ್ತಿರೋದು ಅದಕ್ಕೇ. ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಆ ಭೂಮಿಯಲ್ಲಿ ಇದ್ದರೆ ಸಾಕು. ಹುಡುಗ ಎರಡು ಸಲ ಓದಿದ. ಆಮೇಲೆ ಮೆಲ್ಲಗೆ ಕೇಳಿದ: "ಹಂಗಾರೆ ಈ ಪತ್ರವೇ ತಪ್ಪಾ ಸರ?"

ಇಷ್ಟು ದಿನ ಆ ಪತ್ರ ಟ್ರಂಕಿನಲ್ಲಿತ್ತಂತೆ. ಮೇಲಿನ ಸಮಿತಿಗೆ ಮೇಲ್ಮನವಿ ಹಾಕೋಕೆ ಅರವತ್ತು ದಿನ. ಲೆಕ್ಕ ಹಾಕಿದರೆ ಒಂಬತ್ತು ಉಳಿದಿತ್ತು.

2003ರಲ್ಲಿ ದೆಹಲಿಯಲ್ಲಿ ತೆರೆದ ಬಾಗಿಲು ಇವರ ಮನೆ ಹೊಸಿಲಿಗೆ ಇನ್ನೂ ಬಂದಿರಲಿಲ್ಲ. ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ಪಟ್ಟಿಯನ್ನೂ ಪತ್ರವನ್ನೂ ಒಟ್ಟಿಗಿಟ್ಟು ಓದುವವನೊಬ್ಬ ಕೇರಿಯಲ್ಲೇ ಬೇಕು. ಅವತ್ತು ಸಂಜೆ ಜಗಲಿಯಲ್ಲಿ ಕೂತು ಎರಡು ಅರ್ಜಿ ಬರೆದೆವು. ಮೇಲ್ಮನವಿಯನ್ನು ನಾನು ಹೇಳಿದೆ, ಅವನು ಬರೆದ. ಕಾಲೇಜಿನದ್ದನ್ನು ಅವನೇ ತುಂಬಿದ.