ಒಳಗಿನ ಹಿಡಿ

ಚರಿತ್ರೆಯನ್ನು ಶಾಸನಗಳಲ್ಲಿ, ತಾಳೆಗರಿಗಳಲ್ಲಿ ಹುಡುಕುವವರಿಗೆ ಕಾರಿನ ಬಾಗಿಲಿನ ಒಳಹಿಡಿಯೂ ಒಂದು ಆಕರವೆಂದರೆ ನಗು ಬಂದೀತು. ನಮ್ಮ ಮನೆಯ ಹಳೆಯ ಅಂಬಾಸಿಡರಿನ ಹಿಂಬಾಗಿಲ ಹಿಡಿ ಮುರಿದ ಮೇಲೆ ನನಗೆ ಆ ನಗು ನಿಂತಿದೆ.

ಈ ಗಾಡಿಯ ತವರು ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿಯ ಕೌಲಿ. ಅಲ್ಲಿ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರು ತಯಾರಾದದ್ದು 1956ರಿಂದ 1959ರವರೆಗೆ. ಅದೇ ಕಾರು ಅಂಬಾಸಿಡರ್ ಎಂಬ ಹೆಸರಿನಲ್ಲಿ ಕಲ್ಕತ್ತೆಯ ಸಮೀಪದ ಉತ್ತರಪಾರಾಕ್ಕೆ ಬಂದು, 2014ರ ಮೇ ತಿಂಗಳವರೆಗೆ ತಯಾರಾಗುತ್ತಲೇ ಇತ್ತು. ತವರಿನಲ್ಲಿ ಮೂರು ವರ್ಷ, ಕೊಟ್ಟ ಮನೆಯಲ್ಲಿ ಐವತ್ತೈದಕ್ಕೂ ಮಿಕ್ಕಿ!

ಇದಕ್ಕೆ ಕಾರಣ ಕಾರಿನ ಗುಣವೊಂದೇ ಅಲ್ಲ. ಬಿಡಿಭಾಗಗಳನ್ನು ಹೊರಗಿನಿಂದ ತಂದು ಇಲ್ಲಿ ಬರೀ ಜೋಡಿಸುವವರಿಗೆ ಅವಕಾಶ ಬೇಡ, ಹಂತಹಂತವಾಗಿ ಇಲ್ಲಿಯೇ ತಯಾರಿಸುವವರು ಮಾತ್ರ ಉಳಿಯಲಿ ಎಂದು 1953ರಲ್ಲಿ ಸುಂಕ ಆಯೋಗ ಶಿಫಾರಸು ಮಾಡಿತು. ಜನರಲ್ ಮೋಟರ್ಸ್, ಫೋರ್ಡ್ ಗಂಟುಮೂಟೆ ಕಟ್ಟಿದವು. ಉಳಿದ ಬೆರಳೆಣಿಕೆಯ ಕಂಪನಿಗಳಿಗೆ ಪೈಪೋಟಿಯಿಲ್ಲ, ಕಾರನ್ನು ಬದಲಿಸುವ ಅವಸರವೂ ಇಲ್ಲ. ಕೊಳ್ಳುವವರು ಮುಂಗಡ ಹಣ ಕಟ್ಟಿ ವರ್ಷಗಟ್ಟಲೆ ಕಾದರು. ಆದರೆ ಆ ನಿಧಾನದ ನೆರಳಿನಲ್ಲೇ ಇನ್ನೊಂದು ಲೋಕ ಬೆಳೆಯಿತು: ಇದೇ ಗಾಡಿಯನ್ನು ಕಣ್ಣುಮುಚ್ಚಿ ಬಿಚ್ಚಬಲ್ಲ ಮೇಸ್ತ್ರಿಗಳು, ಅದರ ಬಿಡಿಭಾಗಗಳನ್ನೇ ನಂಬಿ ಬದುಕಿದ ಅಂಗಡಿಗಳು.

ಹಿಡಿ ಮುರಿದರೇನು, ಹೊರಗಿನಿಂದ ತೆರೆದರಾಯಿತು ಎಂದು ಮನೆಯವರೆಲ್ಲ ಸುಮ್ಮನಿದ್ದೆವು. ಹಿಂದಿನ ಸೀಟಿನಲ್ಲಿ ಕೂರುತ್ತಿದ್ದವರು ಅಮ್ಮ. ಎಲ್ಲರೂ ಇಳಿದ ಮೇಲೆ ಗಾಜು ಬಡಿದು, "ಏನೋ, ನನ್ನನ್ನ ಒಳಗೇ ಬಿಟ್ಟು ಹೋಗ್ತೀಯೇನೋ?" ಎನ್ನುವರು. ಅದು ತಮಾಷೆಯ ಮಾತೇ. ಆದರೂ ಎಪ್ಪತ್ತು ದಾಟಿದವರು ತಮಗೆ ಬೇಕಾದಾಗ ಇಳಿಯಲಾರದೆ ಇನ್ನೊಬ್ಬರ ಕೈ ಕಾಯುವುದು ತಮಾಷೆಯಲ್ಲ. ಬೆಂಕಿಯೋ ಅಪಘಾತವೋ ಆದರೆ ಕಾಯುವಷ್ಟು ಹೊತ್ತೂ ಇರುವುದಿಲ್ಲ.

ಮುರಿದ ತುಂಡು ಬೆಸುಗೆಗೆ ಒಗ್ಗುವ ಕಬ್ಬಿಣವಲ್ಲ. ಸತುವಿನ ಮಿಶ್ರಲೋಹದ ಎರಕ, ಮೇಲೆ ಕ್ರೋಮಿನ ಹೊಳಪು. ಅಮೆರಿಕದ ನ್ಯೂಜೆರ್ಸಿ ಸತು ಕಂಪನಿ 1929ರಲ್ಲಿ ರೂಪಿಸಿದ ಇಂಥ ಮಿಶ್ರಲೋಹಗಳು ಅಚ್ಚಿನಲ್ಲಿ ಸಲೀಸಾಗಿ ಇಳಿದು, ಅಗ್ಗದಲ್ಲಿ ಅಂದದ ಹಿಡಿಗಳನ್ನು ಲೋಕಕ್ಕೆಲ್ಲ ಕೊಟ್ಟವು. ಸತು ಕರಗುವುದು 419 ಡಿಗ್ರಿಗೇ. ಬೆಸುಗೆಯವನ ಜ್ವಾಲೆ ತಾಗಿದರೆ ಕೂಡುವ ಮೊದಲೇ ಸೋರಿಹೋಗುತ್ತದೆ. ಹೊಸದನ್ನೇ ಹಾಕಬೇಕು.

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಾತ ಕೇಳಿದ್ದು ಒಂದೇ ಮಾತು: "ಎಷ್ಟನೇ ಮಾರ್ಕು ಸಾರ್?" ಮುರಿದ ತುಂಡನ್ನು ತೋರಿಸಿದೆ. ಅಟ್ಟದಿಂದ ಅದರ ಜೋಡಿ ಇಳಿಯಿತು. ಮೇಸ್ತ್ರಿ ಹಿಡಿಯ ಬುಡದ ಬಿಲ್ಲೆಯನ್ನು ಒಳಕ್ಕೆ ಒತ್ತಿ, ಮೊಳೆಯಂಥ ಪಿನ್ನನ್ನು ಹೊರಗೆ ತಟ್ಟಿದ. ಚೌಕದ ಸರಳಿನಿಂದ ಹಳೆಯದು ಕಳಚಿತು. ಹೊಸದನ್ನು ಕೂಡಿಸುವ ಮೊದಲು ರೆಕ್ಸಿನ್ ಹಲಗೆ ತೆಗೆದು, ಒಣಗಿ ಬಿಗಿದಿದ್ದ ಬೀಗಕ್ಕೆ ಗ್ರೀಸು ತುಂಬಿದ. "ಹಿಡಿ ತಾನಾಗಿ ಮುರಿಯಲ್ಲ ಸಾರ್, ಬೀಗ ಬಿಗಿಯಾದ್ರೆ ಕೈ ಜೋರು ಮಾಡ್ತದೆ, ಹಿಡಿ ಸೋಲ್ತದೆ" ಎಂದ.

ಪರವಾನಗಿಯ ಕಾಲವನ್ನು ಹೊಗಳಲು ನನಗೆ ಮನಸ್ಸಿಲ್ಲ. ಅಂದು ಕಾದವರ ಬೇಸರ ಸುಳ್ಳಲ್ಲ. ಆದರೆ ಒಂದು ವಸ್ತು ಬಹುಕಾಲ ಬದಲಾಗದೆ ಉಳಿದರೆ ಅದನ್ನು ರಿಪೇರಿ ಮಾಡುವ ವಿದ್ಯೆಯೂ ಜನರ ಕೈಯಲ್ಲಿ ಉಳಿಯುತ್ತದೆ ಎಂಬುದೂ ಅಷ್ಟೇ ನಿಜ. ಉತ್ತರಪಾರಾದ ಕಾರ್ಖಾನೆ ನಿಂತ ಮೇಲೆ ಈ ಗಾಡಿಗಳ ಆಯುಸ್ಸು ಅಂಗಡಿಯ ಅಟ್ಟಗಳಲ್ಲಿ, ಗುಜರಿಯ ರಾಶಿಗಳಲ್ಲಿ, ಅಂಥ ಮೇಸ್ತ್ರಿಗಳ ಬೆರಳಿನಲ್ಲಿ ಹಂಚಿಹೋಗಿದೆ. ಅದರಲ್ಲಿ ಮೊದಲು ಬರಿದಾಗುವುದು ಅಟ್ಟವಲ್ಲ, ಬೆರಳುಗಳೇ ಎಂಬ ಅಳುಕು ನನಗಿದೆ.