ಸಿಯಾಲ್‌ಕೋಟ್‌ನ ಚೆಂಡು

2014ರಲ್ಲಿ ಬ್ರೆಜಿಲ್‌ನಲ್ಲಿ ವಿಶ್ವಕಪ್ ಫುಟ್‌ಬಾಲ್ ನಡೆದಾಗ ಪಾಕಿಸ್ತಾನದ ತಂಡ ಅಲ್ಲಿರಲಿಲ್ಲ. ಆ ದೇಶ ಒಮ್ಮೆಯೂ ಅಂತಿಮ ಸುತ್ತಿಗೆ ಅರ್ಹತೆ ಪಡೆದಿಲ್ಲ. ಆದರೆ ಮೆಸ್ಸಿ, ನೇಯ್ಮಾರ್ ಒದ್ದ ‘ಬ್ರಜೂಕಾ’ ಚೆಂಡು ಪಾಕಿಸ್ತಾನದ್ದೇ. ಅದು ತಯಾರಾದದ್ದು ಸಿಯಾಲ್‌ಕೋಟ್‌ನ ಫಾರ್ವರ್ಡ್ ಸ್ಪೋರ್ಟ್ಸ್ ಎಂಬ ಕಾರ್ಖಾನೆಯಲ್ಲಿ.

ಬ್ರಿಟಿಷರ ದಂಡು ಬೀಡುಬಿಟ್ಟಿದ್ದ ಸಿಯಾಲ್‌ಕೋಟ್‌ನಲ್ಲಿ ಆಟದ ಸಾಮಗ್ರಿಗಳ ಕಸುಬು ಬೇರೂರಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. 1947ರ ದೇಶ ವಿಭಜನೆಯಲ್ಲಿ ಈ ಕಸುಬೂ ಇಬ್ಭಾಗವಾಯಿತು. ಅಲ್ಲಿಂದ ಬಂದ ನಿರಾಶ್ರಿತರು ಜಲಂಧರ್‌ನಲ್ಲಿ ನೆಲೆಸಿ ಅದನ್ನೇ ಮುಂದುವರಿಸಿದರು. ನಮ್ಮ ಶಾಲಾ ಮೈದಾನಗಳ ಚೆಂಡುಗಳ ಮೇಲೆ ಜಲಂಧರ್ ಹೆಸರನ್ನು ಓದುಗರು ಕಂಡಿರಬಹುದು.

ಚೆಂಡು ಹೊಲಿಯುವುದು ಸುಲಭದ ಕೆಲಸವಲ್ಲ. ಇಪ್ಪತ್ತು ಷಟ್ಕೋನ, ಹನ್ನೆರಡು ಪಂಚಕೋನ, ಒಟ್ಟು 32 ತುಂಡುಗಳನ್ನು ಮೊಣಕಾಲುಗಳ ನಡುವಿನ ಮರದ ಇಕ್ಕಳದಲ್ಲಿ ಹಿಡಿದು, ಎರಡು ಸೂಜಿಗಳಿಂದ ಮೇಣ ಸವರಿದ ದಾರ ಎಳೆಯಬೇಕು. ನುರಿತವರೂ ದಿನಕ್ಕೆ ಕೆಲವೇ ಚೆಂಡು ಮುಗಿಸಬಲ್ಲರು. ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಯೂ ಇದರಲ್ಲಿ ತೊಡಗಿತ್ತು, ಮಕ್ಕಳೂ ಸೇರಿ.

1996ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆ ಚೆಂಡು ಹೊಲಿಯುವ ಬಾಲಕನ ಚಿತ್ರ ಪ್ರಕಟಿಸಿದಾಗ ಜಗತ್ತು ಬೆಚ್ಚಿತು. ಮರುವರ್ಷ ಫೆಬ್ರುವರಿಯಲ್ಲಿ ಅಟ್ಲಾಂಟಾ ನಗರದಲ್ಲಿ ಸಿಯಾಲ್‌ಕೋಟ್ ವಾಣಿಜ್ಯ ಮಂಡಳಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಯುನಿಸೆಫ್ ಒಪ್ಪಂದಕ್ಕೆ ಬಂದವು. ಹೊಲಿಗೆ ಮನೆಗಳಿಂದ ತಪಾಸಣೆಗೆ ಒಳಪಟ್ಟ ಕೇಂದ್ರಗಳಿಗೆ ಬಂತು. ಮಕ್ಕಳಿಗೆ ಒಳಿತಾಯಿತೆನ್ನಿ. ಆದರೆ ಹೊಸ್ತಿಲು ದಾಟಿ ದುಡಿಯಲು ಅವಕಾಶವಿಲ್ಲದ ಅನೇಕ ಹೆಂಗಸರ ಸಂಪಾದನೆಯೂ ಜೊತೆಗೇ ಹೋಯಿತು.

ಖ್ವಾಜಾ ಮಸೂದ್ ಅಖ್ತರ್ 1991ರಲ್ಲಿ ಆರಂಭಿಸಿದ ಫಾರ್ವರ್ಡ್ ಸ್ಪೋರ್ಟ್ಸ್ ಬೆಳೆದದ್ದು ಈ ಏರಿಳಿತಗಳ ನಡುವೆ. 2006ರ ವಿಶ್ವಕಪ್‌ಗೆ ಆಡಿಡಾಸ್ ಕಂಪೆನಿ ಹೊಲಿಗೆಯೇ ಇಲ್ಲದ, ಶಾಖದಿಂದ ಬೆಸೆದ ಚೆಂಡು ತಂದಾಗ ಊರಿನ ಕಸುಬಿಗೇ ಕುತ್ತು ಬಂತು. ಫಾರ್ವರ್ಡ್ ಹೊಸ ವಿದ್ಯೆಯನ್ನು ಕಲಿತಿತು. ಬ್ರಜೂಕಾ ತಯಾರಿಸುತ್ತಿದ್ದ ಚೀನಾದ ಕಾರ್ಖಾನೆ ಬೇಡಿಕೆ ಪೂರೈಸಲಾಗದೆ ಹೋದಾಗ, ಅಖ್ತರ್ ಒಂದು ತಿಂಗಳ ಆಸುಪಾಸಿನಲ್ಲಿ ತಯಾರಿಕೆಯ ವ್ಯವಸ್ಥೆ ಸಜ್ಜುಗೊಳಿಸಿದರು. 2018ರ ‘ಟೆಲ್‌ಸ್ಟಾರ್ 18’, 2022ರ ‘ಅಲ್ ರಿಹ್ಲಾ’ ಚೆಂಡುಗಳೂ ಇಲ್ಲಿಯವೇ.

ಬ್ರಜೂಕಾದಲ್ಲಿದ್ದದ್ದು ಆರೇ ತುಂಡು. ಅದನ್ನು ಜೋಡಿಸಿದವರಲ್ಲಿ ಬಹುಮಂದಿ ಹೆಂಗಸರು. ಮನೆಯಲ್ಲಿ ಕೆಲಸ ಕಳೆದುಕೊಂಡವರೇ ಇವರೆಂದು ಹೇಳಲಾಗದು. ಕಾರ್ಖಾನೆ ಬದಲಾದ ಕಾಲಕ್ಕೆ ಹೊಂದಿಕೊಂಡಿತು, ನಿಜ. ಒಂದು ಕಂಪೆನಿಯ ಬೆಳವಣಿಗೆಯನ್ನು ಅಳೆಯುವಾಗ ಮಾರಿದ ಚೆಂಡುಗಳ ಜೊತೆಗೆ, ಸೂಜಿ ಕೆಳಗಿಟ್ಟ ಕೈಗಳನ್ನೂ ಎಣಿಸಬೇಕಲ್ಲವೆ?